ವಿಚ್ಛೇದನದಲ್ಲಿ ಜೀವನಾಂಶ ಮತ್ತು ಮಗುವಿನ ಕಸ್ಟಡಿ: ಯಾವ ದಾರಿ ಯಾರಿಗೆ?

ಗಂಡ ಹೆಂಡತಿ ಬೇರೆಯಾಗಲು ಹೊರಟಾಗ ಜಗಳ ಕೊನೆಗೆ ಬಂದು ನಿಲ್ಲುವುದು ಎರಡು ವಿಷಯಕ್ಕೆ: ಯಾರು ಯಾರಿಗೆ ಎಷ್ಟು ಕೊಡಬೇಕು, ಮಗು ಯಾರ ಹತ್ತಿರ ಇರಬೇಕು. ಒಂದೇ ಫೈಲಿನಲ್ಲಿ ಬಂದರೂ ಇವೆರಡಕ್ಕೆ ಕೋರ್ಟಿನ ಅಳತೆಗೋಲು ಬೇರೆ ಬೇರೆ. ದುಡ್ಡಿನ ವಿಷಯದಲ್ಲಿ ಕೇಳುವವರ ಅಗತ್ಯ ಮತ್ತು ಕೊಡುವವರ ಶಕ್ತಿಯನ್ನು ತೂಗುತ್ತಾರೆ. ಮಗುವಿನ ವಿಷಯದಲ್ಲಿ ಮಗುವಿನ ಹಿತ ಒಂದನ್ನೇ ನೋಡುತ್ತಾರೆ. "ಜೀವನಾಂಶ ಬಿಟ್ಟುಕೊಡು, ಮಗುವನ್ನು ಇಟ್ಟುಕೋ" ಎಂದು ಕೇಳುವುದಾಗಲಿ, "ಮಗುವನ್ನು ತೋರಿಸದಿದ್ದರೆ ದುಡ್ಡು ಹಾಕುವುದಿಲ್ಲ" ಎಂದು ಹಟ ಹಿಡಿಯುವುದಾಗಲಿ ಎರಡು ಕಡೆಯವರ ಕೇಸನ್ನೂ ಕೆಡಿಸುತ್ತದೆ. ಭೇಟಿ ಸಿಗಲಿಲ್ಲವೆಂದು ಜೀವನಾಂಶ ನಿಲ್ಲಿಸಿದವರ ಮೇಲೆ ಬಾಕಿ ಬೆಳೆಯುತ್ತಲೇ ಹೋಗುತ್ತದೆ. ದುಡ್ಡು ಬರಲಿಲ್ಲವೆಂದು ಮಗುವನ್ನು ತಡೆದವರು ಕಸ್ಟಡಿ ವಿಚಾರಣೆಯಲ್ಲಿ ಅದಕ್ಕೆ ಉತ್ತರ ಹೇಳಬೇಕಾಗುತ್ತದೆ. ಹಾಗಾಗಿ ಇಲ್ಲಿ ಎರಡನ್ನೂ ಬೇರೆ ಬೇರೆಯಾಗಿಯೇ ನೋಡೋಣ. ಕಲಂಗಳು ಮುಖ್ಯವಾಗಿ ಹಿಂದೂ ವಿವಾಹ ಕಾಯ್ದೆಯವು. ಎಲ್ಲ ಧರ್ಮದವರಿಗೂ ಅನ್ವಯಿಸುವ ಕಾನೂನು ಬಂದಾಗ ಅಲ್ಲೇ ಹೇಳಿದ್ದೇವೆ.

ಒಪ್ಪಿಗೆಯ ಮೇಲೋ, ಕಾದಾಡಿಯೋ

ಹಿಂದೂ ವಿವಾಹ ಕಾಯ್ದೆ 1955ರ ಕಲಂ 13ಬಿ ಪ್ರಕಾರ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಕನಿಷ್ಠ ಒಂದು ವರ್ಷ ಬೇರೆ ವಾಸವಿರಬೇಕು. ಮೊದಲ ಅರ್ಜಿ ಹಾಕಿ 6 ತಿಂಗಳಾದ ಮೇಲೆ, 18 ತಿಂಗಳು ಮೀರುವ ಮುಂಚೆ, ಇಬ್ಬರೂ ಬಂದು ಮತ್ತೆ ಒಪ್ಪಿಗೆ ಹೇಳಬೇಕು. ದಾಂಪತ್ಯ ಉಳಿಯುವ ಸಾಧ್ಯತೆಯೇ ಇಲ್ಲ ಎನ್ನುವಂಥ ಪ್ರಕರಣಗಳಲ್ಲಿ ಈ 6 ತಿಂಗಳ ಕಾಯುವಿಕೆಯನ್ನು ಕೌಟುಂಬಿಕ ನ್ಯಾಯಾಲಯವೇ ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೀವನಾಂಶ, ಮಗುವಿನ ವಾಸ, ಒಡವೆ ವಾಪಸಾತಿ ಎಲ್ಲ ಒಂದೇ ಒಪ್ಪಂದದಲ್ಲಿ ಮುಗಿಯುತ್ತದೆ. ಖರ್ಚು ಕಡಿಮೆ, ಮಗುವಿಗೆ ಆಗುವ ನೋವೂ ಕಡಿಮೆ.

ಇದರಲ್ಲಿ ಎಡವುವುದು ಒಂದು ಕಡೆ. ಡಿಕ್ರಿ (ವಿಚ್ಛೇದನದ ಅಂತಿಮ ಆದೇಶ) ಆಗುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಪೂರ್ತಿ ಹಣ ಮೊದಲೇ ಕೊಟ್ಟವರು ಸಿಕ್ಕಿಹಾಕಿಕೊಳ್ಳುತ್ತಾರೆ. ಹಣ ಕೈಗೆ ಬರುವ ಮುಂಚೆ ಎಲ್ಲ ಕೇಸು ವಾಪಸ್ ಪಡೆದವರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಹಣವನ್ನು ಕಂತಾಗಿ ಒಡೆದು ಒಂದು ಭಾಗ ಮೊದಲ ಅರ್ಜಿಯ ದಿನ, ಉಳಿದದ್ದು ಡಿಕ್ರಿಯ ದಿನ ನ್ಯಾಯಾಧೀಶರ ಎದುರಿಗೇ ಡಿಡಿ ಮೂಲಕ ಕೈಬದಲಾಗುವಂತೆ ಬರೆಸಿ. ಮುಂದಿನ ತಾರೀಖಿನ ಚೆಕ್ಕು ಬೇಡ. ವರದಕ್ಷಿಣೆ ಕಿರುಕುಳದಂಥ ಕ್ರಿಮಿನಲ್ ಕೇಸು ಬಾಕಿಯಿದ್ದರೆ ಅದನ್ನು ಹೈಕೋರ್ಟಿನಲ್ಲಿ ರದ್ದು ಮಾಡಿಸಲು ಯಾರು, ಎಷ್ಟು ದಿನದೊಳಗೆ ಸಹಕರಿಸಬೇಕು ಎಂಬುದೂ ಒಪ್ಪಂದದಲ್ಲೇ ಇರಲಿ.

ಕಲಂ 13ರ ವಿವಾದಿತ ವಿಚ್ಛೇದನದಲ್ಲಿ ಕ್ರೌರ್ಯ, 2 ವರ್ಷದ ಪರಿತ್ಯಾಗದಂಥ ಕಾರಣವನ್ನು ಸಾಕ್ಷಿ, ಪಾಟೀಸವಾಲಿನ ಮೂಲಕ ಸಾಬೀತು ಮಾಡಬೇಕು. ಇದಕ್ಕೆ ವರ್ಷಗಳೇ ಹಿಡಿಯುತ್ತವೆ. ಎದುರು ಪಕ್ಷ ಆದಾಯ ಮುಚ್ಚಿಡುತ್ತಿದ್ದರೆ, ಹಿಂಸೆಯಿದ್ದರೆ, ಮಾತುಕತೆಗೇ ಬರದಿದ್ದರೆ ಬೇರೆ ದಾರಿಯಿಲ್ಲ. ಆದರೆ ವಿವಾದಿತವಾಗಿ ಶುರುವಾದ ಕೇಸು ಮಧ್ಯಸ್ಥಿಕೆಗೆ ಹೋಗಿ ಒಪ್ಪಿಗೆಯ ವಿಚ್ಛೇದನವಾಗಿ ಮುಗಿಯುವುದು ತೀರಾ ಸಾಮಾನ್ಯ. ಮಧ್ಯಂತರ ಜೀವನಾಂಶದ ಆದೇಶ ಕೈಯಲ್ಲಿದ್ದರೆ ಆ ಮಾತುಕತೆಗೆ ಅವಸರದಲ್ಲಿ ಒಪ್ಪಿಕೊಳ್ಳಬೇಕಾದ ಒತ್ತಡ ಇರುವುದಿಲ್ಲ.

ಜೀವನಾಂಶ ಕೇಳಲು ಮೂರು ಬಾಗಿಲು

ಮೊದಲನೆಯದು ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಕಲಂ 125. 2024ರ ಜುಲೈ 1ರಿಂದ ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 144. ಎಲ್ಲ ಧರ್ಮದವರಿಗೂ ತೆರೆದಿದೆ. ಹೆಂಡತಿ, ಮರುಮದುವೆಯಾಗದ ವಿಚ್ಛೇದಿತೆ, ಮಕ್ಕಳು, ತಂದೆ ತಾಯಿ ಕೇಳಬಹುದು. ವಿಚ್ಛೇದನದ ಕೇಸು ಹಾಕಿರಲೇಬೇಕು ಎಂದಿಲ್ಲ. ಹೆಂಡತಿ ತಾನು ಈಗ ವಾಸವಿರುವ ಊರಿನ ಕೋರ್ಟಿನಲ್ಲೇ ಹಾಕಬಹುದು, ಕೌಟುಂಬಿಕ ನ್ಯಾಯಾಲಯ ಇರುವ ಕಡೆ ಅದು ಅಲ್ಲಿಗೇ ಹೋಗುತ್ತದೆ. ಇದರ ದೊಡ್ಡ ಬಲ ವಸೂಲಿ. ಬಾಕಿ ಇಟ್ಟರೆ ವಾರಂಟ್, ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆ. ಸೆರೆವಾಸ ಅನುಭವಿಸಿದ ಮಾತ್ರಕ್ಕೆ ಬಾಕಿ ತೀರುವುದಿಲ್ಲ. ಆದರೆ ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಲೇಬೇಕು. "ಇನ್ನೊಂದಿಷ್ಟು ದಿನ ನೋಡೋಣ" ಎಂದು 2 ವರ್ಷ ಸುಮ್ಮನಿದ್ದವರಿಗೆ ಈ ಕಲಂನಡಿ ಹಳೆಯ ಬಾಕಿ ವಸೂಲಾಗುವುದಿಲ್ಲ. ಹತ್ತನೇ ತಿಂಗಳಿಗೇ ಅರ್ಜಿ ಹಾಕುವುದು ಒಳ್ಳೆಯ ಅಭ್ಯಾಸ. ಇನ್ನೊಂದು ಎಚ್ಚರಿಕೆ: ದಾಂಪತ್ಯ ಇನ್ನೂ ಉಳಿದಿರುವಾಗ "ಇಬ್ಬರೂ ಒಪ್ಪಿ ಬೇರೆ ಇದ್ದೇವೆ" ಎಂದು ಪತ್ರ ಬರೆದುಕೊಟ್ಟರೆ ಅದೇ ನಿಮ್ಮ ಅರ್ಜಿಗೆ ಅಡ್ಡ ಬರುತ್ತದೆ.

ಎರಡನೆಯದು ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ 2005. ಇದೂ ಎಲ್ಲ ಧರ್ಮದವರಿಗೆ ಅನ್ವಯ. ಅರ್ಜಿ ಮ್ಯಾಜಿಸ್ಟ್ರೇಟ್ ಮುಂದೆ. ಇಲ್ಲಿ ಹಣದ ಜೊತೆಗೆ ರಕ್ಷಣಾ ಆದೇಶ, ವಾಸದ ಆದೇಶ, ಮಗುವಿನ ತಾತ್ಕಾಲಿಕ ಕಸ್ಟಡಿ ಒಟ್ಟಿಗೆ ಸಿಗುತ್ತವೆ. ಸಂಬಳದಾರ ಗಂಡನ ಕಂಪನಿಗೇ "ಇಷ್ಟು ಹಣವನ್ನು ನೇರ ಹೆಂಡತಿಗೆ ಕೊಡಿ" ಎಂದು ಆದೇಶಿಸುವ ಅಧಿಕಾರ ಕಲಂ 20(6)ರಲ್ಲಿದೆ; ಇದನ್ನು ಕೇಳಲು ಬಹಳ ಜನ ಮರೆಯುತ್ತಾರೆ. ಮನೆಯಿಂದ ಹೊರಹಾಕುವ ಭಯ ಇದ್ದವರಿಗೆ ಇದೇ ಸರಿಯಾದ ಬಾಗಿಲು. ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಸೊಸೆ ಅಲ್ಲಿ ಸಂಸಾರ ಮಾಡಿದ್ದರೆ ಅದು ಸಹವಾಸದ ಮನೆ (ಅವಳಿಗೆ ವಾಸದ ಹಕ್ಕಿರುವ ಮನೆ) ಆಗಬಹುದು ಎಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಹೇಳಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಬೆಂಗಳೂರಿನ ಒಂದು ಪ್ರಕರಣದಲ್ಲಿ, ಸೊಸೆಯ ಈ ಹಕ್ಕನ್ನು ಮುರಿಯಲೆಂದೇ ಹಿರಿಯ ನಾಗರಿಕರ ಕಾಯ್ದೆಯನ್ನು ಬಳಸಲು ಬರುವುದಿಲ್ಲ ಎಂದೂ ಹೇಳಿತು. ಮಿತಿಯೆಂದರೆ ಅರ್ಜಿದಾರಳು ಮಹಿಳೆಯೇ ಆಗಿರಬೇಕು, ಹಿಂಸೆ ನಡೆದಿದೆ ಎಂದು ತೋರಿಸಬೇಕು. ಮೈಮೇಲೆ ಕೈ ಮಾಡುವುದಷ್ಟೇ ಹಿಂಸೆಯಲ್ಲ, ಮನೆಖರ್ಚಿಗೆ ಕೊಡದಿರುವುದು, ಒಡವೆ ಅಡವಿಟ್ಟು ಬಿಡಿಸದಿರುವುದು ಆರ್ಥಿಕ ಹಿಂಸೆಯೇ.

ಮೂರನೆಯದು ಹಿಂದೂ ವಿವಾಹ ಕಾಯ್ದೆಯ ಕಲಂ 24. ವಿಚ್ಛೇದನದ ಕೇಸು ನಡೆಯುತ್ತಿರುವಾಗ ಮಧ್ಯಂತರ ಜೀವನಾಂಶ ಮತ್ತು ಕೇಸಿನ ಖರ್ಚು ಎರಡನ್ನೂ ಕೇಳಬಹುದು. ದುಡಿಮೆಯಿಲ್ಲದ ಗಂಡನೂ ಹೆಂಡತಿಯಿಂದ ಕೇಳಬಹುದು. ಮೂರರಲ್ಲಿ ಗಂಡನಿಗೆ ಬಾಗಿಲು ತೆರೆಯುವುದು ಇದೊಂದೇ. ನೋಟಿಸ್ ಮುಟ್ಟಿದ 60 ದಿನದಲ್ಲಿ ಸಾಧ್ಯವಾದಷ್ಟೂ ತೀರ್ಮಾನವಾಗಬೇಕು ಎಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ, ಬಹುಪಾಲು ಆದಾಯದ ದಾಖಲೆ ಬರದೇ ಇರುವುದರಿಂದ. ಈ ಆದೇಶ ಮೂಲ ಕೇಸಿಗೆ ಅಂಟಿಕೊಂಡಿರುತ್ತದೆ. ವಿಚ್ಛೇದನದ ಅರ್ಜಿ ವಾಪಸಾದರೆ ಮುಂದಿನ ತಿಂಗಳುಗಳ ಹಣವೂ ನಿಲ್ಲುತ್ತದೆ. ಅದಕ್ಕೇ ಇದೊಂದನ್ನೇ ನಂಬಿ ಕೂರುವುದು ಸರಿಯಲ್ಲ.

ನಮ್ಮ ಅಭಿಪ್ರಾಯ ನೇರವಾಗಿ ಹೇಳುವುದಾದರೆ: ಹಿಂಸೆ ಅಥವಾ ಮನೆಯ ಭಯ ಇದ್ದರೆ 2005ರ ಕಾಯ್ದೆ, ಬರೀ ಹಣದ ಅಗತ್ಯವಿದ್ದು ವಿಚ್ಛೇದನ ಇನ್ನೂ ತೀರ್ಮಾನವಾಗದಿದ್ದರೆ ಕಲಂ 144, ವಿಚ್ಛೇದನದ ಕೇಸು ಈಗಾಗಲೇ ನಡೆಯುತ್ತಿದ್ದರೆ ಅದರಲ್ಲೇ ಕಲಂ 24. ಮೂರನ್ನೂ ಹಾಕಲು ಕಾನೂನಿನ ಅಡ್ಡಿಯಿಲ್ಲ. ಆದರೆ ಮೂರರಿಂದಲೂ ಪೂರ್ತಿ ಹಣ ಸಿಗುವುದಿಲ್ಲ. ಒಂದರಲ್ಲಿ ಆದೇಶವಾದ ಮೊತ್ತವನ್ನು ಇನ್ನೊಂದರಲ್ಲಿ ಹೊಂದಾಣಿಕೆ ಮಾಡುತ್ತಾರೆ, ಹಿಂದಿನ ಆದೇಶವನ್ನು ತಿಳಿಸದೆ ಬಚ್ಚಿಟ್ಟರೆ ನಂಬಿಕೆ ಕಳೆದುಕೊಳ್ಳುವುದು ನೀವೇ.

ಆದಾಯದ ಅಫಿಡವಿಟ್: ಗೆಲುವು ಸೋಲು ಇಲ್ಲಿದೆ

2020ರ ನವೆಂಬರ್ 4ರಂದು ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಒಂದೇ ಮಾದರಿ ತಂದಿತು. ಜೀವನಾಂಶದ ಪ್ರತಿ ಕೇಸಿನಲ್ಲೂ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚಿನ ಅಫಿಡವಿಟ್ (ಪ್ರಮಾಣ ಮಾಡಿ ಕೊಡುವ ಲಿಖಿತ ಹೇಳಿಕೆ) ಹಾಕಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಹಾಗಾಗಿ ಅರ್ಜಿ ಹಾಕುವುದನ್ನು ಮೂರು ತಿಂಗಳು ಮುಂದೂಡಿದರೆ ಮೂರು ತಿಂಗಳ ಹಣ ಹೋಯಿತೆಂದೇ ಅರ್ಥ.

ತಿಂಗಳ ಸಂಬಳದವರ ಲೆಕ್ಕ ಸುಲಭ: 3 ವರ್ಷದ ಐಟಿಆರ್, ಫಾರ್ಮ್ 16, ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್. ತೆರಿಗೆ, ಕಡ್ಡಾಯ ಪಿಎಫ್ ಕಳೆದು ಉಳಿದದ್ದನ್ನು ಕೋರ್ಟು ನೋಡುತ್ತದೆ. ಕೇಸು ಶುರುವಾದ ಮೇಲೆ ತೆಗೆದ ಕಾರ್ ಸಾಲ, ಇದ್ದಕ್ಕಿದ್ದಂತೆ ಹೆಚ್ಚಿಸಿದ ಸ್ವಯಂ ಪಿಎಫ್ ವಂತಿಗೆ, ಅಣ್ಣನಿಗೆ ಕಟ್ಟುತ್ತಿರುವ ಇಎಂಐ ಇವನ್ನು ಸಾಮಾನ್ಯವಾಗಿ ಕಳೆಯುವುದಿಲ್ಲ. 2017ರ ಒಂದು ತೀರ್ಪಿನಲ್ಲಿ ನಿವ್ವಳ ಸಂಬಳದ ಶೇ 25 ಸೂಕ್ತವೆಂದು ಸುಪ್ರೀಂ ಕೋರ್ಟ್ ಹೇಳಿತ್ತು. ಅದನ್ನು ಎಲ್ಲರೂ ನಿಯಮವೆಂದುಕೊಂಡಿದ್ದಾರೆ. ಅದು ಆ ಪ್ರಕರಣಕ್ಕೆ ಒಂದು ಅಂದಾಜು ಅಷ್ಟೇ. ಮಕ್ಕಳಿದ್ದರೆ ಹೆಚ್ಚಬಹುದು, ಹೆಂಡತಿಗೆ ಒಳ್ಳೆಯ ದುಡಿಮೆ ಇದ್ದರೆ ಇಳಿಯಬಹುದು. "ಓದಿದ್ದಾಳೆ, ದುಡಿಯಬಲ್ಲಳು" ಎಂಬ ಒಂದೇ ಕಾರಣಕ್ಕೆ ಜೀವನಾಂಶ ನಿರಾಕರಿಸಲು ಬರುವುದಿಲ್ಲ. ದುಡಿಯಬಲ್ಲವಳಿಗೂ ದುಡಿಯುತ್ತಿರುವವಳಿಗೂ ವ್ಯತ್ಯಾಸವಿದೆ.

ಕಷ್ಟ ಬರುವುದು ವ್ಯಾಪಾರಸ್ಥರ, ಜಮೀನುದಾರರ ಲೆಕ್ಕದಲ್ಲಿ. ಅಫಿಡವಿಟ್‌ನಲ್ಲಿ "ತಿಂಗಳಿಗೆ 15,000" ಎಂದಿರುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಬಿಡಿಸಿ ಖರ್ಚಿನ ಸಾಲು ಓದಿ: ಶಾಲೆಯ ಫೀ 1,20,000, ಕ್ರೆಡಿಟ್ ಕಾರ್ಡ್ ಬಿಲ್ 38,000, ಪ್ರತಿ ತಿಂಗಳ 5ಕ್ಕೆ ಚಿಟ್ ಫಂಡ್ 20,000, ವಿಮೆಯ ಕಂತು. 15,000 ಗಳಿಸುವವನ ಖಾತೆಯಿಂದ ಇಷ್ಟು ಹೋಗಲು ಸಾಧ್ಯವಿಲ್ಲ. ಖರ್ಚಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಆದಾಯ ತೋರಿಸುವುದು ನ್ಯಾಯಾಧೀಶರು ಒಪ್ಪುವ ವಾದ. ಜಮೀನಿಗೆ ಭೂಮಿ ತಂತ್ರಾಂಶದ ಪಹಣಿ ತೆಗೆಸಿ, ಬೆಳೆಯ ಕಾಲಂ ನೋಡಿ. ಅಡಿಕೆ ತೋಟ ಎಂದಿದ್ದರೆ "ಮಳೆಯಾಶ್ರಿತ ರಾಗಿ" ಎಂಬ ಮಾತು ನಿಲ್ಲುವುದಿಲ್ಲ. ಸೈಟು ಮನೆಗಳಿಗೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನ ಇಸಿ (ಋಣಭಾರ ಪತ್ರ) ತೆಗೆದು ಕಳೆದ ಒಂದೆರಡು ವರ್ಷದಲ್ಲಿ ತಮ್ಮನ ಹೆಸರಿಗೋ ತಾಯಿಯ ಹೆಸರಿಗೋ ದಾನಪತ್ರ ಆಗಿದೆಯೇ ನೋಡಿ. ದಾಖಲೆ ನಿಮ್ಮ ಕೈಗೆ ಸಿಗದಿದ್ದರೆ ಬ್ಯಾಂಕಿಗೆ, ಕಂಪನಿಗೆ ಸಮನ್ಸ್ ಕೊಡಿಸಲು ಅರ್ಜಿ ಹಾಕಬಹುದು. ಸುಳ್ಳು ಅಫಿಡವಿಟ್ ಎಂದು ಖಾತ್ರಿಯಾದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 379ರಡಿ ಕ್ರಮ ಕೇಳಬಹುದು. ಇದನ್ನು ಮೊದಲ ದಿನವೇ ಎತ್ತಿದರೆ ಮುಖ್ಯ ವಿಷಯ ಹಿಂದೆ ಬೀಳುತ್ತದೆ. ಜೀವನಾಂಶದ ಆದೇಶ ಆದ ಮೇಲೆ ಹಾಕುವುದೇ ಒಳ್ಳೆಯದು.

ಮದುವೆಯ ನಂತರ ಕೊಂಡ ಆಸ್ತಿಯಲ್ಲಿ ತಾನಾಗಿ ಅರ್ಧ ಪಾಲು ಸಿಗುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ. ನಮ್ಮ ಕಾನೂನಿನಲ್ಲಿ ಅಂಥ ನಿಯಮವಿಲ್ಲ. ಯಾರ ಹೆಸರಿನಲ್ಲಿದೆ, ಯಾರು ಹಣ ಹಾಕಿದರು ಎಂಬುದೇ ಲೆಕ್ಕ. ಹೆಂಡತಿಯ ಸಂಬಳದಿಂದ ಇಎಂಐ ಹೋಗಿದ್ದರೆ ಆ ಸ್ಟೇಟ್‌ಮೆಂಟ್‌ಗಳನ್ನು ಜೋಪಾನವಾಗಿಡಿ. ಸ್ತ್ರೀಧನ, ಅಂದರೆ ಮದುವೆಯಲ್ಲಿ ಅವಳಿಗೆಂದು ಬಂದ ಒಡವೆ, ಉಡುಗೊರೆ, ಮಾತ್ರ ಪೂರ್ತಿ ಹೆಂಡತಿಯದೇ. ಒಡವೆಯ ರಸೀದಿ, ಮದುವೆಯ ಫೋಟೊ, ಲಾಕರಿನ ದಾಖಲೆ ಇಟ್ಟು ಗ್ರಾಂ ಲೆಕ್ಕದ ಪಟ್ಟಿ ಕೊಡಬೇಕು. "ಸುಮಾರು ಅರ್ಧ ಕೆಜಿ ಬಂಗಾರ" ಎಂದು ಬರೆದರೆ ಪಾಟೀಸವಾಲಿನಲ್ಲಿ ಕುಸಿಯುತ್ತದೆ.

ತಿಂಗಳ ಹಣವೋ, ಒಂದೇ ಗಂಟೋ

ತಿಂಗಳಿಗೆ 25,000 ರೂಪಾಯಿ, 15 ವರ್ಷ ಎಂದಿಟ್ಟುಕೊಳ್ಳಿ. ಕೂಡಿದರೆ 45 ಲಕ್ಷ. "ಅದಕ್ಕೆ ಬದಲು ಈಗಲೇ 20 ಲಕ್ಷ ತಗೊಂಡು ಮುಗಿಸು" ಎಂಬ ಪ್ರಸ್ತಾಪ ಬಂದರೆ ಸರಿಯೇ? ಶೇ 7 ಬಡ್ಡಿಯ ಲೆಕ್ಕದಲ್ಲಿ ಆ ಕಂತುಗಳ ಇಂದಿನ ಬೆಲೆ ಸುಮಾರು 28 ಲಕ್ಷ. ಬೆಲೆಯೇರಿಕೆಗೆಂದು ಪ್ರತಿ ವರ್ಷ ಶೇ 5 ಹೆಚ್ಚಳ ಸೇರಿಸಿದರೆ ಸುಮಾರು 38 ಲಕ್ಷ. ಮಾತುಕತೆಗೆ ಕೂರುವ ಮುಂಚೆ ಈ ಎರಡು ಅಂಕಿ ನಿಮ್ಮ ಬಳಿ ಇರಬೇಕು.

ಗಂಟಿನ ಲಾಭವೆಂದರೆ ಮತ್ತೆ ಮತ್ತೆ ವಸೂಲಿಗೆ ಅಲೆಯಬೇಕಿಲ್ಲ. ಕೊಡುವವರ ಕೆಲಸ ಭದ್ರವಿಲ್ಲದಿದ್ದರೆ, ಸ್ವಂತ ವ್ಯಾಪಾರವಿದ್ದರೆ, ವಿದೇಶಕ್ಕೆ ಹೋಗುವ ಸಾಧ್ಯತೆಯಿದ್ದರೆ ಗಂಟೇ ವಾಸಿ. ಸರ್ಕಾರಿ ನೌಕರಿ ಅಥವಾ ಸ್ಥಿರ ಸಂಬಳವಿದ್ದರೆ ತಿಂಗಳ ಹಣ ಸುರಕ್ಷಿತ. ಜೀವನಾಂಶದ ಡಿಕ್ರಿಗೆ ಸಂಬಳದ ಮೂರರಲ್ಲೊಂದು ಭಾಗ ಬಿಟ್ಟು ಉಳಿದದ್ದನ್ನು ಜಪ್ತಿ ಮಾಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 60 ಅವಕಾಶ ಕೊಡುತ್ತದೆ. ಪರಿಸ್ಥಿತಿ ಬದಲಾದರೆ ತಿಂಗಳ ಹಣವನ್ನು ಏರಿಸಲು ಇಳಿಸಲು ಅರ್ಜಿ ಹಾಕಬಹುದು. ಪಡೆಯುವವರು ಮರುಮದುವೆಯಾದರೆ ಅದು ನಿಲ್ಲಬಹುದು.

ಹಣದ ಬದಲು ಫ್ಲ್ಯಾಟ್ ಕೊಡುತ್ತೇವೆ ಎಂದರೆ ಗೃಹಸಾಲ ತೀರಿದೆಯೇ, ಬ್ಯಾಂಕಿನ ಒಪ್ಪಿಗೆ ಪತ್ರವಿದೆಯೇ ಕೇಳಿ. ಡಿಕ್ರಿಗೆ ಮುಂಚೆ, ಗಂಡ ಹೆಂಡತಿ ಸಂಬಂಧ ಇರುವಾಗಲೇ ನೋಂದಣಿ ಮಾಡಿಸಿದರೆ ಕುಟುಂಬದೊಳಗಿನ ದಾನಪತ್ರಕ್ಕೆ ಕರ್ನಾಟಕದಲ್ಲಿರುವ ಮುದ್ರಾಂಕ ಶುಲ್ಕದ ರಿಯಾಯಿತಿ ಸಿಗುತ್ತದೆ. ಬರೀ ಜಿಪಿಎ (ಅಧಿಕಾರ ಪತ್ರ) ಮೇಲೆ ಒಪ್ಪಬೇಡಿ.

ಮಗುವಿನ ಪಾಲನ ವೆಚ್ಚವನ್ನು ಈ ಗಂಟಿನಲ್ಲಿ ಬೆರೆಸಬಾರದು. ಅದು ಮಗುವಿನ ಸ್ವಂತ ಹಕ್ಕು, ಅಮ್ಮ ಬಿಟ್ಟುಕೊಟ್ಟೆ ಎಂದು ಬರೆದರೂ ಹೋಗುವುದಿಲ್ಲ. ಶಾಲೆ ಫೀ, ವಿಮೆ, ಮುಂದಿನ ಕಾಲೇಜು ಇವಕ್ಕೆ ಬೇರೆಯೇ ಸಾಲು ಬರೆಸಿ.

ಮಗು ಯಾರ ಹತ್ತಿರ?

ಹಿಂದೂ ಅಪ್ರಾಪ್ತ ವಯಸ್ಸಿನವರ ಮತ್ತು ಪೋಷಕತ್ವ ಕಾಯ್ದೆ 1956ರ ಕಲಂ 6 ಪ್ರಕಾರ 5 ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ. ಹಾಗಾಗಬಾರದು ಎನ್ನುವ ತಂದೆಯೇ ಕಾರಣ ಸಾಬೀತು ಮಾಡಬೇಕು. ಐದು ದಾಟಿದ ಮೇಲೆ ತಾನಾಗಿ ತಂದೆಗೆ ಹೋಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅಲ್ಲಿಂದ ಮುಂದೆಯೂ ಇದೇ 1956ರ ಕಾಯ್ದೆಯ ಕಲಂ 13 ಹೇಳುವಂತೆ ಮಗುವಿನ ಹಿತವೇ ಪರಮ.

ವಿಚ್ಛೇದನದ ಕೇಸು ನಡೆಯುತ್ತಿದ್ದರೆ ಕಸ್ಟಡಿಯನ್ನು ಅಲ್ಲೇ ಹಿಂದೂ ವಿವಾಹ ಕಾಯ್ದೆಯ ಕಲಂ 26ರಡಿ ಕೇಳಬಹುದು. ಇಲ್ಲದಿದ್ದರೆ 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯಡಿ, ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಕೋರ್ಟಿನಲ್ಲಿ. ಮಗುವನ್ನು ರಾತ್ರೋರಾತ್ರಿ ಬೇರೆ ಊರಿಗೆ ಒಯ್ದು ಅಲ್ಲೇ ಅರ್ಜಿ ಹಾಕುವವರಿದ್ದಾರೆ. ಶಾಲೆಯ ದಾಖಲೆ, ಲಸಿಕೆ ಕಾರ್ಡ್ ಹಳೆಯ ಊರನ್ನೇ ತೋರಿಸುವುದರಿಂದ ಆ ತಂತ್ರ ತಿರುಗುಬಾಣವಾಗುತ್ತದೆ. ಒಯ್ದವರು ಮಗುವನ್ನು ಬಚ್ಚಿಟ್ಟರೆ, ಅಥವಾ ಕೋರ್ಟಿನ ಆದೇಶ ಮೀರಿ ಒಯ್ದರೆ, ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ (ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸುವಂತೆ ಕೇಳುವ) ಅರ್ಜಿ ವೇಗದ ದಾರಿ. ಇಬ್ಬರಲ್ಲಿ ಯಾರು ವಾಸಿ ಎಂದು ಸಾಕ್ಷಿ ಕೇಳಿ ತೂಗಬೇಕಾದ ಪ್ರಶ್ನೆಗೆ ಅದು ಜಾಗವಲ್ಲ. ಅದಕ್ಕೆ ಕೌಟುಂಬಿಕ ನ್ಯಾಯಾಲಯವೇ ಬೇಕು.

ಇನ್ನು "ಇವರು ಮಗುವನ್ನು ನೋಡಿಕೊಳ್ಳಲು ಯೋಗ್ಯರಲ್ಲ" ಎಂಬ ಆರೋಪ. ಕೆಟ್ಟ ಗಂಡ ಎಂದಾಕ್ಷಣ ಕೆಟ್ಟ ತಂದೆ ಎಂದಾಗುವುದಿಲ್ಲ, ಹೆಂಡತಿಗೂ ಅದೇ ಮಾತು. ಆ ದೋಷ ಮಗುವಿನ ದಿನಚರಿಯನ್ನು ಹೇಗೆ ಮುಟ್ಟಿದೆ ಎಂದು ತೋರಿಸದಿದ್ದರೆ ಆರೋಪಕ್ಕೆ ತೂಕವಿಲ್ಲ. "ಕುಡುಕ" ಎಂಬ ಪದಕ್ಕಿಂತ, ಕುಡಿದು ಮಗುವನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದಾಗ ಪೊಲೀಸರು ಹಾಕಿದ ದಂಡದ ರಸೀದಿ ಹೆಚ್ಚು ಹೇಳುತ್ತದೆ. ಖಿನ್ನತೆಗೆ ಔಷಧಿ ತೆಗೆದುಕೊಳ್ಳುತ್ತಿರುವುದು ಅಯೋಗ್ಯತೆಯಲ್ಲ. ಚಿಕಿತ್ಸೆ ಸರಿಯಾಗಿ ನಡೆಯುತ್ತಿದೆ ಎಂಬ ವೈದ್ಯರ ದಾಖಲೆ ನಿಮ್ಮ ಪರವಾಗಿಯೇ ನಿಲ್ಲುತ್ತದೆ. ಸಂಬಳ ಕಡಿಮೆ ಎಂಬುದೂ ಕಾರಣವಲ್ಲ, ಆ ಕೊರತೆ ತುಂಬಲೆಂದೇ ಜೀವನಾಂಶವಿದೆ. ಪರಸಂಬಂಧದ ಆರೋಪ ಹೊರಿಸಿ ಮಗುವಿನ ಡಿಎನ್‌ಎ ಪರೀಕ್ಷೆ ಕೇಳುವವರಿಗೆ 2023ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ದೊಡ್ಡವರ ಜಗಳಕ್ಕೆ ಸಾಕ್ಷಿ ಮಾಡಲು ಮಗುವನ್ನು ಮಾಮೂಲಾಗಿ ಆ ಪರೀಕ್ಷೆಗೆ ಒಡ್ಡುವಂತಿಲ್ಲ.

ಕೋರ್ಟಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಸಣ್ಣ ದಾಖಲೆಗಳು. ಪೋಷಕರ ಸಭೆಯ ಹಾಜರಿ ಪುಸ್ತಕದಲ್ಲಿ ಯಾರ ಸಹಿಯಿದೆ? ಮಗುವಿಗೆ ಜ್ವರ ಬಂದಾಗ ವೈದ್ಯರ ಚೀಟಿಯಲ್ಲಿ ಜೊತೆಗೆ ಬಂದವರು ಯಾರು? ಶಾಲೆ ಯಾರಿಗೆ ಫೋನ್ ಮಾಡುತ್ತದೆ? ಯಾರು ಹೋಮ್‌ವರ್ಕ್ ಮಾಡಿಸುತ್ತಾರೆ? ಇದರ ಜೊತೆಗೆ, ನೀವು ಕೆಲಸಕ್ಕೆ ಹೋದಾಗ ಮಗು ಎಲ್ಲಿರುತ್ತದೆ ಎಂಬ ಒಂದು ಪುಟದ ಯೋಜನೆ ಬರೆದು ಕೊಡಿ. ಇದನ್ನು ಕೊಡುವವರು ಕಡಿಮೆ, ಕೊಟ್ಟವರ ಮಾತಿಗೆ ಬೆಲೆ ಬರುತ್ತದೆ.

ಫೋನ್ ರೆಕಾರ್ಡಿಂಗ್ ಬಗ್ಗೆ: ದಂಪತಿ ನಡುವಿನ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಿದ್ದರೂ ವೈವಾಹಿಕ ಕೇಸಿನಲ್ಲಿ ಸಾಕ್ಷಿಯಾಗಿ ಪರಿಗಣಿಸಬಹುದು ಎಂದು 2025ರ ಜುಲೈ 14ರಂದು ಸುಪ್ರೀಂ ಕೋರ್ಟ್ ಹೇಳಿದೆ. ಮೂಲ ಫೋನನ್ನು ಹಾಗೇ ಉಳಿಸಿಕೊಳ್ಳಿ, ಪ್ರತಿಯ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಕೊಡಿ. ಕತ್ತರಿಸಿ ಜೋಡಿಸಿದ ತುಣುಕು ನಿಮಗೇ ಮುಳುವಾಗುತ್ತದೆ. ಮಗುವಿನ ಬಾಯಿಂದ ಹೇಳಿಸಿ ವಿಡಿಯೊ ಮಾಡುವುದನ್ನಂತೂ ದಯವಿಟ್ಟು ಮಾಡಬೇಡಿ. ತಿಳಿವಳಿಕೆ ಬಂದ ಮಗುವಿನ ಜೊತೆ ನ್ಯಾಯಾಧೀಶರು ತಮ್ಮ ಕೊಠಡಿಯಲ್ಲಿ ಮಾತಾಡಬಹುದು, ಆಪ್ತಸಮಾಲೋಚಕರೂ ಮಾತಾಡುತ್ತಾರೆ. ಏಳು ವರ್ಷದ ಮಗು ವಕೀಲರ ಪದಗಳಲ್ಲಿ ಅಪ್ಪನನ್ನು ದೂರಿದರೆ ಅದು ಯಾರ ಮಾತು ಎಂದು ಅವರಿಗೆ ಗೊತ್ತಾಗುತ್ತದೆ. ಮಗುವಿನ ಮೇಲೆ ನಿಜವಾಗಿ ದೌರ್ಜನ್ಯ ನಡೆದಿದ್ದರೆ ಕಸ್ಟಡಿ ಅರ್ಜಿಯವರೆಗೆ ಕಾಯಬೇಡಿ. 1098ಕ್ಕೆ ಕರೆ ಮಾಡಿ, ಪೊಲೀಸರಿಗೆ ತಿಳಿಸಿ.

ಭೇಟಿಯ ಆದೇಶ ಬರೆಸುವ ಬಗೆ

ಬಹುತೇಕ ಪ್ರಕರಣಗಳಲ್ಲಿ ಒಬ್ಬರಿಗೆ ಕಸ್ಟಡಿ, ಇನ್ನೊಬ್ಬರಿಗೆ ಭೇಟಿ ಹಕ್ಕು. ವಾರ ವಾರ ಮನೆ ಬದಲಿಸುವ ಜಂಟಿ ಏರ್ಪಾಡು ಆಗಬೇಕಾದರೆ ಎರಡೂ ಮನೆ ಶಾಲೆಗೆ ಹತ್ತಿರವಿರಬೇಕು, ದೊಡ್ಡವರಿಬ್ಬರೂ ಕನಿಷ್ಠ ಮೆಸೇಜಿನಲ್ಲಾದರೂ ನೆಟ್ಟಗೆ ಮಾತಾಡುವಂತಿರಬೇಕು. ಜಗಳ ಆರದ ಮನೆಗಳಲ್ಲಿ ಮಗು ಸಂದೇಶ ಹೊರುವ ಅಂಚೆಯಂತಾಗುತ್ತದೆ, ಅಲ್ಲಿ ಇದು ಬೇಡ. ಕೋರ್ಟಿನ ಆವರಣದಲ್ಲಿ ಒಂದು ಗಂಟೆ ಭೇಟಿ ಎಂಬುದು ಶುರುವಿಗೆ ಮಾತ್ರ. ಆರು ತಿಂಗಳಾದರೂ ಅದೇ ಮುಂದುವರಿದರೆ ಬದಲಾವಣೆಗೆ ಅರ್ಜಿ ಹಾಕಿ.

"ತಿಂಗಳಿಗೆ ಎರಡು ಬಾರಿ ಭೇಟಿಗೆ ಅವಕಾಶ" ಎಂಬ ಒಂದು ಸಾಲಿನ ಆದೇಶ ಜಗಳಕ್ಕೆ ದಾರಿ. ಅದರ ಬದಲು ಹೀಗಿರಲಿ: "ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ಕ್ಕೆ ತಂದೆಯು ತಾಯಿಯ ಮನೆಯ ಗೇಟಿನಿಂದ ಮಗುವನ್ನು ಕರೆದೊಯ್ದು ಭಾನುವಾರ ಸಂಜೆ 6ಕ್ಕೆ ಅಲ್ಲಿಗೇ ಬಿಡುವುದು. ಮಂಗಳವಾರ, ಗುರುವಾರ ಸಂಜೆ 7ರಿಂದ 7.20 ವಿಡಿಯೊ ಕರೆ. ದಸರಾ ರಜೆ, ಬೇಸಿಗೆ ರಜೆ ಅರ್ಧರ್ಧ. ಯುಗಾದಿ, ದೀಪಾವಳಿ ವರ್ಷ ಬಿಟ್ಟು ವರ್ಷ. ಮಗುವಿಗೆ ಹುಷಾರಿಲ್ಲದೆ ಭೇಟಿ ತಪ್ಪಿದರೆ ವೈದ್ಯರ ಚೀಟಿ ಕಳಿಸಿ ಮುಂದಿನ ಶನಿವಾರ ಕೊಡುವುದು. ಶಾಲೆಯ ಸುತ್ತೋಲೆ, ಅಂಕಪಟ್ಟಿ ಇಬ್ಬರಿಗೂ. ಪಾಸ್‌ಪೋರ್ಟ್ ತಾಯಿಯ ಬಳಿ. ವಿದೇಶ ಪ್ರಯಾಣಕ್ಕೆ 30 ದಿನ ಮುಂಚೆ ಲಿಖಿತ ಒಪ್ಪಿಗೆ." ಊಟ, ಔಷಧಿ, ಯಾರು ಕರೆದೊಯ್ಯಬಹುದು ಎಂಬುದನ್ನೂ ಸೇರಿಸಿ.

ಭೇಟಿ ತಪ್ಪಿದ ಪ್ರತಿ ಸಲ ಗೇಟಿನ ಮುಂದೆ ಕೂಗಾಡದೆ ಅದೇ ದಿನ ಒಂದು ಮೆಸೇಜ್ ಹಾಕಿ: "ಇಂದು 10ಕ್ಕೆ ಬಂದೆ, 10.40ರವರೆಗೆ ಕಾದೆ, ಮಗುವನ್ನು ಕಳಿಸಲಿಲ್ಲ." ಮೂರ್ನಾಲ್ಕು ಸಲ ಹೀಗಾದರೆ ಆ ಮೆಸೇಜುಗಳನ್ನೇ ಲಗತ್ತಿಸಿ ಆದೇಶ ಜಾರಿಗೆ ಅರ್ಜಿ ಹಾಕಬಹುದು. ಕಸ್ಟಡಿ ಆದೇಶ ಯಾವಾಗಲೂ ಬದಲಾಗಬಲ್ಲದ್ದು. ಮಗು ಬೆಳೆದಂತೆ, ಶಾಲೆ ಬದಲಾದಂತೆ ಮತ್ತೆ ಕೇಳಬಹುದು. ವಕೀಲರಿಗೆ ಕೊಡಲು ಹಣವಿಲ್ಲದ ಮಹಿಳೆಯರು ಮತ್ತು ಮಕ್ಕಳು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ.